ವಿಶ್ವದ ಹುಟ್ಟು ಮತ್ತು ಶಕ್ತಿಯ ಶಿಲ್ಕು

ಮಳೆಗಾಲದ ನೇತ್ರಾವತಿಯನ್ನು ಬಂಟ್ವಾಳದಲ್ಲಿ ನಿಂತು ನೋಡಿದವರಿಗೆ ಶಕ್ತಿಯೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ೧೯೨೩ರಲ್ಲಿ ಒಮ್ಮೆ, ೧೯೭೪ರಲ್ಲಿ ಮತ್ತೊಮ್ಮೆ ಆ ಹೊಳೆ ಪೇಟೆಯೊಳಕ್ಕೇ ನುಗ್ಗಿತು. ಮರದ ದಿಮ್ಮಿಗಳನ್ನು ಕಡ್ಡಿಗಳಂತೆ ಹೊತ್ತೊಯ್ಯುವ ಬಲ ನೀರಿಗೆ ಎಲ್ಲಿಂದ ಬಂತು? ಈ ಒಂದು ಪ್ರಶ್ನೆಯ ಬೆನ್ನು ಹಿಡಿದು ಹಿಂದಕ್ಕೆ, ಇನ್ನೂ ಹಿಂದಕ್ಕೆ ನಡೆದರೆ ಎಲ್ಲಿಗೆ ಮುಟ್ಟುತ್ತೇವೆ ಎಂಬುದು ಇಂದಿನ ನನ್ನ ಮಾತಿನ ವಿಷಯ.

ಮೊದಲ ಹೆಜ್ಜೆ ಸುಲಭ. ನೀರು ಘಟ್ಟದ ಮೇಲಿತ್ತು, ಕೆಳಗೆ ಬಂತು. ಎತ್ತರದಲ್ಲಿದ್ದಾಗ ಅದರಲ್ಲಿ ಅಡಗಿದ್ದ ಶಕ್ತಿ ಇಳಿಯುವಾಗ ಚಲನೆಯ ಶಕ್ತಿಯಾಯಿತು. ಬೆಳ್ತಂಗಡಿ ತಾಲೂಕಿನ ಬಂಡಾಜೆ ಅರ್ಬಿಯನ್ನು ನೀವು ಕಂಡಿರಬಹುದು. ತುಳುವಿನಲ್ಲಿ ಅರ್ಬಿಯೆಂದರೆ ಜಲಪಾತ. ಅಲ್ಲಿ ನೀರು ಸುಮಾರು ೨೦೦ ಅಡಿ ಕೆಳಕ್ಕೆ ಬೀಳುತ್ತದೆ. ಬಿದ್ದ ನೀರು ಬಂಡೆಗೆ ಬಡಿದು ಮಡುವಿನಲ್ಲಿ ತಣ್ಣಗೆ ನಿಂತಿತೆನ್ನಿ. ಚಲನೆ ಹೋಯಿತು. ಶಕ್ತಿಯೂ ಹೋಯಿತೆ? ಇಲ್ಲ, ಅದು ಬಿಸಿಯಾಗಿ ನೀರಿನಲ್ಲಿಯೇ ಉಳಿಯಿತು. ಲೆಕ್ಕ ಹಾಕಿದರೆ ನೀರಿನ ಬಿಸಿ ಒಂದು ಡಿಗ್ರಿಯ ಏಳರಲ್ಲೊಂದು ಪಾಲಿನಷ್ಟು ಏರಬೇಕು. ಮಿಂದವರ ಮೈಗೆ ತಿಳಿಯುವಷ್ಟಲ್ಲ. ಗಾಳಿಗೆ ನೀರು ಆರುವುದರಿಂದ ಅಷ್ಟೂ ಕೈಗೆ ಸಿಕ್ಕುವುದಿಲ್ಲ. ಆದರೂ ಇದನ್ನು ಅಳೆಯಬೇಕೆಂದು ಹಟ ತೊಟ್ಟವರಿದ್ದರು. ಇಂಗ್ಲೆಂಡಿನ ಜೇಮ್ಸ್ ಜೌಲ್ ೧೮೪೭ರಲ್ಲಿ ಮದುವೆಯಾದ ಹೊಸತರಲ್ಲಿ ಆಲ್ಪ್ಸ್ ಪರ್ವತದ ಕಡೆ ಪ್ರವಾಸ ಹೋದಾಗ ಉಷ್ಣಮಾಪಕವನ್ನೂ ಜೊತೆಗೆ ಒಯ್ದಿದ್ದರೆಂದು ಅವರ ಮಿತ್ರ ಲಾರ್ಡ್ ಕೆಲ್ವಿನ್ ಹೇಳಿಕೊಂಡಿದ್ದಾರೆ. ಹೊಸ ಮದುವಣಗಿತ್ತಿ ಏನೆಂದಳೋ!

ಜೌಲರಿಗಿಂತ ಸ್ವಲ್ಪ ಮೊದಲೇ ಇದೇ ವಿಚಾರ ಹೊಳೆದದ್ದು ಜರ್ಮನಿಯ ಒಬ್ಬ ವೈದ್ಯರಿಗೆ. ರಾಬರ್ಟ್ ಮೇಯರ್ ೧೮೪೦ರಲ್ಲಿ ಹಡಗಿನ ವೈದ್ಯರಾಗಿ ಜಾವಾ ದ್ವೀಪಕ್ಕೆ ಹೋಗಿದ್ದರು. ಅಲ್ಲಿ ನಾವಿಕರ ಅಶುದ್ಧ ರಕ್ತನಾಳದಿಂದ ತೆಗೆದ ರಕ್ತ ಅವರು ಊರಿನಲ್ಲಿ ಕಂಡದ್ದಕ್ಕಿಂತ ಕೆಂಪಾಗಿತ್ತು. ಸೆಕೆಯ ನಾಡಿನಲ್ಲಿ ಮೈ ಬೆಚ್ಚಗಿರಲು ಆಹಾರವನ್ನು ಅಷ್ಟಾಗಿ ಉರಿಸಬೇಕಾಗಿಲ್ಲ, ಆದ್ದರಿಂದ ರಕ್ತದಲ್ಲಿ ಆಮ್ಲಜನಕ ಮಿಕ್ಕುತ್ತದೆ ಎಂದು ಅವರು ತರ್ಕಿಸಿದರು. ಉಣ್ಣುವ ಅನ್ನ, ಮೈಯ ಕಾವು, ತೋಳಿನ ದುಡಿಮೆ, ಇವೆಲ್ಲ ಒಂದೇ ಖಾತೆಯ ಬೇರೆ ಬೇರೆ ಬಾಬುಗಳು ಎಂಬ ತೀರ್ಮಾನಕ್ಕೆ ಬಂದರು. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರುವವರಿಗೆ ಈ ತರ್ಕ ಬೇಗನೆ ಅರ್ಥವಾದೀತು.

ಖಾತೆ ಎಂದೆ. ಶಕ್ತಿನಿತ್ಯತೆಯ ನಿಯಮವನ್ನು ತಿಳಿಯಲು ಅಂಗಡಿಯ ಲೆಕ್ಕಕ್ಕಿಂತ ಒಳ್ಳೆಯ ಹೋಲಿಕೆ ನನಗೆ ಸಿಕ್ಕಿಲ್ಲ. ಹೊಳೆಯಲ್ಲಿ ದೋಣಿಗಳು ಸರಕು ಸಾಗಿಸುತ್ತಿದ್ದ ಕಾಲದಿಂದ ಬಂಟ್ವಾಳ ವ್ಯಾಪಾರದ ಊರು. ದೀಪಾವಳಿಗೆ ಅಂಗಡಿಪೂಜೆ ಮಾಡಿ ಹೊಸ ಕಿರ್ದಿ ತೆರೆದಾಗ ಮೊದಲ ಸಾಲಿನಲ್ಲಿ ಆರಂಭದ ಶಿಲ್ಕು ಬರೆಯುತ್ತಾರೆ. ಆಮೇಲೆ ಜಮೆ, ಖರ್ಚು. ಅಡಿಕೆ ಹೋಗಿ ಹಣವಾಗುತ್ತದೆ, ಹಣ ಹೋಗಿ ಅಕ್ಕಿಯಾಗುತ್ತದೆ; ಒಟ್ಟು ಮೊತ್ತ ಮಾತ್ರ ತಾಳೆಯಾಗಬೇಕು. ಪ್ರಕೃತಿಯ ಕಿರ್ದಿಯೂ ಹೀಗೆಯೇ ತಾಳೆಯಾಗುತ್ತದೆ.

ಈಗ ಹಿಂದಕ್ಕೆ ಪುಟ ತಿರುವೋಣ. ನೀರನ್ನು ಘಟ್ಟಕ್ಕೆ ಏರಿಸಿದ್ದು ಮೋಡ; ಅರಬ್ಬೀ ಸಮುದ್ರದ ನೀರನ್ನು ಮೋಡವಾಗಿ ಎಬ್ಬಿಸಿದ್ದು ಸೂರ್ಯನ ಬಿಸಿಲು. ಆ ಬಿಸಿಲಿಗಾಗಿ ಸೂರ್ಯ ಸೆಕೆಂಡಿಗೆ ಸುಮಾರು ೪೦ ಲಕ್ಷ ಟನ್ನಿನಷ್ಟು ತನ್ನ ದ್ರವ್ಯವನ್ನೇ ತೆರುತ್ತಾನೆ. ಜಲಜನಕದ ಬೀಜಗಳು ಒಂದುಗೂಡಿ ಹೀಲಿಯಂ ಆಗುವಾಗ ತೂಕದಲ್ಲಿ ಬೀಳುವ ಚೂರು ಕೊರತೆ ಅದು. ಸೂರ್ಯನಿಗೆ ಜಲಜನಕ ಎಲ್ಲಿಂದ? ಅದು ವಿಶ್ವದ ಮೊದಲ ಕ್ಷಣಗಳ ಸರಕು. ಬಂಟ್ವಾಳದ ಬಾವಿಯಿಂದ ಸೇದಿದ ಒಂದು ಕೊಡ ನೀರಿನಲ್ಲಿರುವ ಜಲಜನಕದ ಬೀಜಗಳಿಗೂ ಹೆಚ್ಚುಕಡಿಮೆ ವಿಶ್ವದಷ್ಟೇ ವಯಸ್ಸು, ಎಂದರೆ ಸುಮಾರು ೧,೩೮೦ ಕೋಟಿ ವರ್ಷ. ಜೊತೆಗಿರುವ ಆಮ್ಲಜನಕ ಮಾತ್ರ ಆಮೇಲೆ ನಕ್ಷತ್ರಗಳ ಒಡಲಿನಲ್ಲಿ ಬೆಂದು ಬಂದದ್ದು.

ಇಲ್ಲಿಗೆ ಬಂದಾಗ ಕಿರ್ದಿಯ ಮೊದಲ ಪುಟ ತೆರೆಯುತ್ತದೆ. ಆರಂಭದ ಶಿಲ್ಕನ್ನು ಯಾರು ಬರೆದರು? ಶಕ್ತಿಯನ್ನು ಹುಟ್ಟಿಸುವಂತಿಲ್ಲ ಎಂದಮೇಲೆ ಇಷ್ಟು ದೊಡ್ಡ ಮೊತ್ತ ಬಂದದ್ದಾದರೂ ಹೇಗೆ? ಶಾಲೆಯ ಹುಡುಗರು ಕೇಳುವ ಪ್ರಶ್ನೆ ಇದು. ದೊಡ್ಡವರು ಕೇಳುವುದನ್ನು ಬಿಟ್ಟಿರುತ್ತಾರೆ, ಅಷ್ಟೆ. ಸಾಮಾನ್ಯವಾಗಿ ಎರಡು ಉತ್ತರಗಳು ಕೇಳಿಬರುತ್ತವೆ. ಶಕ್ತಿ ಹುಟ್ಟುವುದಿಲ್ಲವಾದ್ದರಿಂದ ವಿಶ್ವವೂ ಹುಟ್ಟಿಲ್ಲ, ಅದು ಅನಾದಿ ಎಂಬುದು ಒಂದು. ವಿಶ್ವಕ್ಕೆ ಆರಂಭವಿದೆಯೆಂದು ವಿಜ್ಞಾನವೇ ಹೇಳುವುದರಿಂದ ಶಿಲ್ಕು ಹಾಕಿದವನೊಬ್ಬ ಇರಲೇಬೇಕು ಎಂಬುದು ಇನ್ನೊಂದು. ಎರಡು ಪಕ್ಷದವರೂ ಶಕ್ತಿನಿತ್ಯತೆಯ ನಿಯಮವನ್ನೇ ಸಾಕ್ಷಿಯಾಗಿ ಕರೆಯುತ್ತಾರೆ. ಹಾಗಿದ್ದಮೇಲೆ ಆ ಸಾಕ್ಷಿಯನ್ನು ಕಟೆಕಟೆಗೆ ಕರೆದು ನಾಲ್ಕು ಮಾತು ಕೇಳುವುದು ನ್ಯಾಯ.

ಮೊದಲನೆಯ ಪಕ್ಷದ ಅತ್ಯಂತ ಹಳೆಯ, ಅತ್ಯಂತ ಗಂಭೀರವಾದ ರೂಪ ನಮ್ಮ ಪಕ್ಕದಲ್ಲಿಯೇ ಇದೆ. ಮೂಡಬಿದಿರೆಗೆ ಹೋದವರು ೧೪೩೦ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯನ್ನು ನೋಡಿ ಹಿಂತಿರುಗುತ್ತಾರೆ. ಅದೇ ಊರಿನ ಗುರುಬಸದಿ, ಸಿದ್ಧಾಂತ ಬಸದಿಯೆಂದೂ ಅದಕ್ಕೆ ಹೆಸರು, ಹಳಗನ್ನಡ ಲಿಪಿಯಲ್ಲಿ ಬರೆದ ಧವಲಾ, ಜಯಧವಲಾ, ಮಹಾಧವಲಾ ತಾಳೆಗರಿ ಗ್ರಂಥಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದಿತು. ೧೯೩೯ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾ ಅಚ್ಚಾಗತೊಡಗಿದ ಮೇಲೆ ಲೋಕದ ವಿದ್ವಾಂಸರಿಗೆ ಅದು ಸಿಕ್ಕಿತು. ಜೈನ ದರ್ಶನದ ಪ್ರಕಾರ ಲೋಕಕ್ಕೆ ಕರ್ತೃವಿಲ್ಲ. ಆರು ದ್ರವ್ಯಗಳಿಂದಾದ ಅದು ಅನಾದಿ, ಅನಂತ. ಪ್ರತಿಯೊಂದು ದ್ರವ್ಯದಲ್ಲಿಯೂ ಉತ್ಪಾದ, ವ್ಯಯ, ಧ್ರೌವ್ಯ, ಎಂದರೆ ಹುಟ್ಟು, ಅಳಿವು, ಉಳಿವು ಎಂಬ ಮೂರೂ ಒಟ್ಟಿಗೆ ನಡೆಯುತ್ತಿರುತ್ತವೆ. ಸಮಂತಭದ್ರರು ಆಪ್ತಮೀಮಾಂಸೆಯಲ್ಲಿ ಇದಕ್ಕೊಂದು ಸೊಗಸಾದ ನಿದರ್ಶನ ಕೊಟ್ಟಿದ್ದಾರೆ. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದಾಗ ಕೊಡ ಬೇಕಾಗಿದ್ದವನು ಅಳುತ್ತಾನೆ, ಕಿರೀಟ ಬೇಕಾದವನು ನಗುತ್ತಾನೆ, ಚಿನ್ನ ಮಾತ್ರ ಬೇಕಾದವನು ಸುಮ್ಮನಿರುತ್ತಾನೆ.

ಇದನ್ನು ಕೇಳಿದ ಕೂಡಲೇ ಜೌಲ್, ಮೇಯರ್ ಹೇಳಿದ್ದನ್ನು ನಮ್ಮವರು ಸಾವಿರಾರು ವರ್ಷ ಮುಂಚೆಯೇ ಹೇಳಿದ್ದರು ಎಂದು ಚಪ್ಪಾಳೆ ತಟ್ಟುವುದುಂಟು. ನನಗೆ ಇದು ಒಪ್ಪಿಗೆಯಿಲ್ಲ. ಜೈನಾಚಾರ್ಯರು ಮಾತಾಡಿದ್ದು ವಸ್ತುವಿನ ಸ್ವರೂಪವನ್ನು ಕುರಿತು. ಭೌತವಿಜ್ಞಾನಿ ಶಕ್ತಿಯೆಂದು ಕರೆಯುವುದು ಅಳೆದು, ಗುಣಿಸಿ, ಕೂಡಿಸಿ ಪಡೆದ ಒಂದು ಸಂಖ್ಯೆಯನ್ನು. ಸಮಂತಭದ್ರರ ಚಿನ್ನಕ್ಕೆ ಉಷ್ಣಮಾಪಕ ಬೇಕಿಲ್ಲ. ಜೌಲರ ಲೆಕ್ಕ ಅದಿಲ್ಲದೆ ನಡೆಯುವುದಿಲ್ಲ. ಆ ದರ್ಶನ ತನ್ನ ತರ್ಕದ ಬಲದಿಂದಲೇ ಇಷ್ಟು ಕಾಲ ನಿಂತಿದೆ. ಅದಕ್ಕೆ ನಾವು ವಿಜ್ಞಾನದ ಊರುಗೋಲು ಕೊಟ್ಟರೆ, ಮುಂದೆ ವಿಜ್ಞಾನ ದಾರಿ ಬದಲಿಸಿದಾಗ ದರ್ಶನವೂ ಎಡವಬೇಕಾಗುತ್ತದೆ.

ಇನ್ನು ಸಾಕ್ಷಿಯ ವಿಚಾರಣೆ. ನಿಯಮ ಎಷ್ಟು ಗಟ್ಟಿ ಎಂಬುದನ್ನು ಮೊದಲು ನೋಡಬೇಕು. ಮೂಡಬಿದಿರೆಯಿಂದ ಹೆಚ್ಚು ದೂರವಿಲ್ಲದ, ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ೧೬೦೪ರಲ್ಲಿ ಅಜಿಲ ಅರಸರು ನಿಲ್ಲಿಸಿದ ಬಾಹುಬಲಿಯ ಮೂರ್ತಿಯಿದೆ. ಸುಮಾರು ೩೫ ಅಡಿಯ ಏಕಶಿಲೆ. ನಾಲ್ಕು ನೂರು ಮಳೆಗಾಲಗಳನ್ನು ಕಂಡ ಆ ಕಲ್ಲು ನೋಡುವವರಿಗೆ ನಿಶ್ಚಲತೆಯ ರೂಪ. ಆದರೆ ಗ್ರಾನೈಟ್ ಕಲ್ಲಿನಲ್ಲೆಲ್ಲ ಪೊಟಾಸಿಯಂ ಇರುತ್ತದೆ. ಅದರ ಪರಮಾಣುಗಳಲ್ಲಿ ಹತ್ತು ಸಾವಿರಕ್ಕೆ ಒಂದರಷ್ಟು ಅಸ್ಥಿರವಾದವು, ಒಂದೊಂದಾಗಿ ಒಡೆಯುತ್ತಲೇ ಇರುತ್ತವೆ. ಹೀಗೆ ಒಡೆಯುವಾಗ ಹೆಚ್ಚಾಗಿ ಎಲೆಕ್ಟ್ರಾನೊಂದು ಹೊರಕ್ಕೆ ಹಾರುತ್ತದೆ. ಬೀಟಾ ಕ್ಷಯವೆಂದು ಇದಕ್ಕೆ ಹೆಸರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ತೆರನಾದ ಕ್ಷಯವನ್ನು ಅಳೆದವರಿಗೆ ದಿಗಿಲಾಯಿತು. ಖರ್ಚಿನ ಕಲಮಿನಲ್ಲಿ ಮೊತ್ತ ಕಡಿಮೆ ಬೀಳುತ್ತಿತ್ತು. ಎಲೆಕ್ಟ್ರಾನು ಕೆಲವೊಮ್ಮೆ ಹೆಚ್ಚು, ಕೆಲವೊಮ್ಮೆ ಕಡಿಮೆ ಶಕ್ತಿ ಹೊತ್ತು ಬರುತ್ತಿತ್ತು. ಉಳಿದದ್ದು ಎಲ್ಲಿಯೂ ಇಲ್ಲ. ನೀಲ್ಸ್ ಬೋರ್ ಅವರಂಥವರೇ ನಿಯಮವನ್ನು ಬಿಟ್ಟುಕೊಡಲು ಸಿದ್ಧರಾದರು. ೧೯೩೦ರಲ್ಲಿ ವೋಲ್ಫ್‌ಗಾಂಗ್ ಪೌಲಿ ಮಾತ್ರ ನಿಯಮವನ್ನು ನಂಬಿದರು. ಕಣ್ಣಿಗೆ ಬೀಳದ ಕಣವೊಂದು ಮಿಕ್ಕ ಶಕ್ತಿಯನ್ನು ಹೊತ್ತು ಪಾರಾಗುತ್ತಿರಬೇಕು ಎಂದರು. ಲೆಕ್ಕ ತಾಳೆಯಾಗಲೆಂದು ಊಹಿಸಿದ ಆ ಕಣವೇ ನ್ಯೂಟ್ರಿನೊ.

೧೯೫೬ರಲ್ಲಿ ಅಮೆರಿಕದ ರೈನಸ್ ಮತ್ತು ಕೊವಾನ್ ಅಣುಸ್ಥಾವರದ ಬಳಿ ಅದನ್ನು ಹಿಡಿದರು. ಒಂಬತ್ತು ವರ್ಷಗಳ ಮೇಲೆ, ೧೯೬೫ರಲ್ಲಿ, ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹ್ಯಾಮ್ ವಿಶ್ವವಿದ್ಯಾನಿಲಯದವರೊಡನೆ ಕೂಡಿ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತನ್ನು ಕಂಡರು. ಅದೇ ವರ್ಷ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿಯೂ ಅವು ಕಂಡವು. ಚಿನ್ನ ತೆಗೆಯಲು ತೋಡಿದ ಗುಂಡಿಯಲ್ಲಿ ಶಕ್ತಿಯ ಕಳೆದುಹೋದ ಚಿಲ್ಲರೆಯನ್ನು ಎಣಿಸಿದಂತಾಯಿತು. ಗಣಿ ೨೦೦೧ರಲ್ಲಿ ಮುಚ್ಚಿತು. ಆದರೆ ಭೌತವಿಜ್ಞಾನದ ಚರಿತ್ರೆಯಲ್ಲಿ ಕೋಲಾರದ ಹೆಸರು ಚಿನ್ನಕ್ಕಿಂತ ಇದಕ್ಕಾಗಿ ಹೆಚ್ಚು ಕಾಲ ಉಳಿಯುವುದೆಂದು ನನ್ನ ಎಣಿಕೆ.

ಸಾಕ್ಷಿ ಗಟ್ಟಿಯೆಂದಾಯಿತು. ಆದರೆ ಕಲ್ಲು, ನೀರು, ಪರಮಾಣುಗಳ ಮಟ್ಟಿಗೆ ನಿಜ ಹೇಳುವ ಸಾಕ್ಷಿಗೆ ಇಡೀ ವಿಶ್ವದ ವಿಷಯ ತಿಳಿದಿದೆಯೆ?

ವಿಶ್ವ ಹಿಗ್ಗುತ್ತಿದೆಯೆಂದು ಎಡ್ವಿನ್ ಹಬಲ್ ೧೯೨೯ರಲ್ಲಿ ತೋರಿಸಿದರು. ಹಿಗ್ಗುವುದನ್ನು ಹಿಂದಕ್ಕೆ ಓಡಿಸಿದರೆ ಒತ್ತಾದ, ಕಾಯ್ದ ಒಂದು ಆರಂಭ ಸಿಕ್ಕುತ್ತದೆ. ಇದು ಫ್ರೆಡ್ ಹಾಯ್ಲ್ ಅವರಿಗೆ ಹಿಡಿಸಲಿಲ್ಲ. ೧೯೪೮ರಲ್ಲಿ ಅವರೂ ಬೊಂಡಿ, ಗೋಲ್ಡ್ ಎಂಬಿಬ್ಬರೂ ಸ್ಥಿರಸ್ಥಿತಿಯ ವಿಶ್ವವನ್ನು ಮುಂದಿಟ್ಟರು. ಅದಕ್ಕೆ ಆರಂಭವಿಲ್ಲ, ಕೊನೆಯಿಲ್ಲ. ಹಿಗ್ಗಿದರೂ ವಿಶ್ವ ತೆಳುವಾಗಬಾರದಾದ್ದರಿಂದ ಅಲ್ಲಲ್ಲಿ ಹೊಸ ದ್ರವ್ಯ ಹುಟ್ಟುತ್ತಿರಬೇಕು. ಒಂದು ಘನ ಮೀಟರ್ ಜಾಗದಲ್ಲಿ ನೂರು ಕೋಟಿ ವರ್ಷಕ್ಕೆ ಒಂದು ಜಲಜನಕ ಪರಮಾಣು, ಹೆಚ್ಚುಕಡಿಮೆ ಅಷ್ಟು. ಇಲ್ಲಿನ ವಿನೋದವನ್ನು ಗಮನಿಸಿ. ಅನಾದಿ ವಿಶ್ವವನ್ನು ಬಯಸಿದವರೇ ದಿನದಿನದ ಸೃಷ್ಟಿಯನ್ನು ಒಪ್ಪಬೇಕಾಯಿತು! ಮುಂದೆ ಹಾಯ್ಲ್ ಮತ್ತು ನಮ್ಮ ಜಯಂತ ನಾರ್ಳೀಕರರು ಋಣಶಕ್ತಿಯ ಒಂದು ಕ್ಷೇತ್ರವನ್ನು ಕಲ್ಪಿಸಿ ಆ ಲೆಕ್ಕವನ್ನು ಸರಿದೂಗಿಸಿದರು. ಅಂತೂ ಶಕ್ತಿನಿತ್ಯತೆಯಿಂದ ಅನಾದಿತ್ವ ತಾನಾಗಿ ಹೊರಡುವುದೆಂಬ ವಾದ ಅಲ್ಲಿಯೇ ಸಡಿಲವಾಯಿತು.

ಸ್ಥಿರಸ್ಥಿತಿಯ ಪಕ್ಷವನ್ನು ಸೋಲಿಸಿದ್ದು ಒಂದು ರೇಡಿಯೋ ಸದ್ದು. ೧೯೬೪-೬೫ರಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಆಕಾಶದ ಎಲ್ಲ ದಿಕ್ಕಿನಿಂದಲೂ ಒಂದೇ ಸಮನೆ ಬರುವ ಮಂದವಾದ ವಿಕಿರಣವನ್ನು ಕಂಡರು. ವಿಶ್ವಕ್ಕೆ ಸುಮಾರು ೩,೮೦,೦೦೦ ವರ್ಷ ವಯಸ್ಸಾಗಿದ್ದಾಗ ಬಿಡುಗಡೆಯಾದ ಬೆಳಕು ಅದು. ಹೊರಟಾಗ ಅದರ ಕಾವು ಪರಮಶೂನ್ಯದ ಮೇಲೆ ಸುಮಾರು ೩,೦೦೦ ಡಿಗ್ರಿ, ಇಂದು ೨.೭ ಡಿಗ್ರಿ. ನಡುವೆ ವಿಶ್ವ ಸಾವಿರದ ನೂರು ಪಟ್ಟು ಹಿಗ್ಗಿದೆ. ವಿಶ್ವ ಇಮ್ಮಡಿಯಾದಾಗಲೆಲ್ಲ ಬೆಳಕಿನ ಅಲೆಯ ಉದ್ದವೂ ಇಮ್ಮಡಿ, ಬೆಳಕಿನ ಕಣದ ಶಕ್ತಿ ಅರ್ಧ.

ಮೂಡಬಿದಿರೆಯ ಧವಲಾ ಗ್ರಂಥದಲ್ಲಿ ಇದನ್ನು ಎಣಿಸಲು ಹೇಳಿ ಮಾಡಿಸಿದಂಥ ಒಂದು ಮಾತಿದೆ: ಅರ್ಧಚ್ಛೇದ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದೋ ಅದು ಆ ಸಂಖ್ಯೆಯ ಅರ್ಧಚ್ಛೇದ. ಎಂಟರದು ಮೂರು, ಹದಿನಾರರದು ನಾಲ್ಕು, ೧,೦೨೪ರದು ಹತ್ತು. ಇಂದಿನ ಗಣಿತದಲ್ಲಿ ಇದು ಎರಡನ್ನು ಆಧಾರವಾಗಿಟ್ಟ ಲಾಗರಿದಂ. ಒಂಬತ್ತನೆಯ ಶತಮಾನದ ವೀರಸೇನಾಚಾರ್ಯರು ಲೋಕದ ಅಪಾರ ಸಂಖ್ಯೆಗಳನ್ನು ಪಳಗಿಸಲು ಇದನ್ನು ಬಳಸಿದ್ದಾರೆ. ಹಿಂದಿನವರನ್ನು ಹೊಗಳಬೇಕೆಂದಿದ್ದರೆ ಇಲ್ಲಿ ಧಾರಾಳವಾಗಿ ಹೊಗಳಬಹುದು, ಏಕೆಂದರೆ ಇಲ್ಲಿ ಹೋಲಿಕೆಯ ಮಾತಿಲ್ಲ, ಅದೇ ಗಣಿತ. ನಮ್ಮ ಆದಿಮ ಬೆಳಕಿನ ಲೆಕ್ಕಕ್ಕೆ ಅದನ್ನು ಹಚ್ಚಿದರೆ ಅರ್ಧಚ್ಛೇದ ಹತ್ತು. ಎಂದರೆ ಆ ಬೆಳಕಿನ ಒಂದೊಂದು ಕಣವೂ ತನ್ನ ಶಕ್ತಿಯನ್ನು ಹತ್ತು ಸಲ ಅರ್ಧ ಮಾಡಿಕೊಂಡು ನಮ್ಮನ್ನು ತಲಪಿದೆ.

ಕಣಗಳ ಸಂಖ್ಯೆ ಕಡಿಮೆಯಾಗಿಲ್ಲ. ಒಂದೊಂದರ ಶಕ್ತಿ ಸಾವಿರದ ನೂರರಲ್ಲಿ ಒಂದು ಪಾಲಿಗೆ ಇಳಿದಿದೆ. ಉಳಿದದ್ದು ಯಾರ ಖಾತೆಗೆ ಹೋಯಿತು? ಅರ್ಬಿಯ ನೀರಿನಂತೆ ಅದು ಎಲ್ಲಿಯೂ ಬಿಸಿಯಾಗಿ ಉಳಿದಿಲ್ಲ. ಪೌಲಿಯ ಕಣದಂತೆ ಯಾರೂ ಹೊತ್ತೊಯ್ದಿಲ್ಲ. ಗುರುತ್ವದ ಕ್ಷೇತ್ರಕ್ಕೆ ಜಮೆಯಾಯಿತೆಂದು ಬರೆದುಕೊಳ್ಳುವ ವಿಜ್ಞಾನಿಗಳಿದ್ದಾರೆ. ಹಾಗೆ ಬರೆಯಲು ಎಲ್ಲರೂ ಒಪ್ಪುವ ಒಂದು ಕಲಮು ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದಲ್ಲಿ ಇಲ್ಲವೆನ್ನುವವರೂ ಇದ್ದಾರೆ. ಎರಡನೆಯವರ ಮಾತೇ ನೇರವಾದದ್ದೆಂದು ನನಗೆ ತೋರುತ್ತದೆ. ಹಿಗ್ಗುವ ವಿಶ್ವಕ್ಕೆ ಒಟ್ಟು ಶಕ್ತಿಯೆಂಬ ಒಂದು ಮೊತ್ತವನ್ನು ಕೂಡಿಸಿ, ಅದು ನಿನ್ನೆಯಷ್ಟೇ ಇಂದೂ ಇದೆಯೆಂದು ಹೇಳಲು ಬರುವುದಿಲ್ಲ.

ಇದೇಕೆ ಹೀಗೆ ಎಂಬುದಕ್ಕೆ ಉತ್ತರ ಕೊಟ್ಟವರು ಎಮ್ಮಿ ನೋಯ್ಥರ್ ಎಂಬ ಮಹಿಳೆ. ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಹೆಂಗಸಿಗೆ ಅಧ್ಯಾಪಕ ಸ್ಥಾನ ಕೊಡಲು ಹಿಂದೆಗೆದಾಗ ಹಿಲ್ಬರ್ಟರ ಹೆಸರಿನಲ್ಲಿ ಪಾಠ ಹೇಳುತ್ತಿದ್ದವರು. ಐನ್‌ಸ್ಟೈನರ ಸಿದ್ಧಾಂತದಲ್ಲಿ ಶಕ್ತಿಯ ಲೆಕ್ಕ ಏಕೆ ತೊಡಕಾಗುತ್ತದೆಂದು ಹಿಲ್ಬರ್ಟರೂ ಕ್ಲೈನರೂ ತಲೆ ಕೆಡಿಸಿಕೊಂಡಿದ್ದಾಗ ಆ ಗಂಟನ್ನು ಬಿಡಿಸಿ ೧೯೧೮ರಲ್ಲಿ ಪ್ರಕಟಿಸಿದರು. ಅದರ ಸಾರವನ್ನು ಗಣಿತವಿಲ್ಲದೆ ಹೇಳಬಹುದು. ಸೋಮವಾರ ಭೂಮಿಯ ಸೆಳೆತ ಕಡಿಮೆ, ಮಂಗಳವಾರ ಹೆಚ್ಚು ಎಂದಿಟ್ಟುಕೊಳ್ಳಿ. ತೋಟದ ಯಜಮಾನರು ಸೋಮವಾರ ಸುಲಭವಾಗಿ ನೀರನ್ನು ಗುಡ್ಡದ ತೊಟ್ಟಿಗೆ ಏರಿಸಿ ಮಂಗಳವಾರ ಕೆಳಕ್ಕೆ ಬಿಟ್ಟು ಚಕ್ರ ತಿರುಗಿಸುತ್ತಾರೆ. ಏರಿಸಿದ್ದಕ್ಕಿಂತ ಹೆಚ್ಚು ಶಕ್ತಿ ಪುಕ್ಕಟೆಯಾಗಿ ಸಿಕ್ಕುತ್ತದೆ. ನಮ್ಮ ಲೋಕದಲ್ಲಿ ಹಾಗಾಗದಿರುವುದು ಪ್ರಕೃತಿಯ ಕಟ್ಟಳೆಗಳು ವಾರದಿಂದ ವಾರಕ್ಕೆ ಬದಲಾಗದೆ ಇರುವುದರಿಂದ. ಕಾಲದ ಈ ಏಕರೂಪತೆಯೇ ಶಕ್ತಿನಿತ್ಯತೆಯ ಬುಡ. ವಿಶ್ವದ ಹರವಿನಲ್ಲಾದರೋ ದೇಶವೇ ಕಾಲದೊಡನೆ ಹಿಗ್ಗುತ್ತಿದೆ. ನಿನ್ನೆಯ ರಂಗಸ್ಥಳ ಇಂದಿನದಲ್ಲ. ಬುಡವಿಲ್ಲದ ಕಡೆ ಮರವನ್ನು ನಿರೀಕ್ಷಿಸುವುದು ಹೇಗೆ? ಪ್ರಯೋಗಶಾಲೆಯಲ್ಲಿ, ಹೊಳೆಯಲ್ಲಿ, ಸೂರ್ಯನ ಒಡಲಿನಲ್ಲಿ ನಿಯಮಕ್ಕೆ ಕಿಂಚಿತ್ತೂ ಊನವಿಲ್ಲವೆಂಬುದನ್ನು ಮತ್ತೆ ಹೇಳುತ್ತೇನೆ. ಊರೂರಿನ ಲೆಕ್ಕ ಕಾಸಿಗೆ ಕಾಸು ತಾಳೆಯಾಗುತ್ತದೆ. ಇಡೀ ಲೋಕದ ಕಿರ್ದಿಯೆಂಬುದೇ ಇಲ್ಲ.

ಹೀಗಿರುವಾಗ ಆರಂಭದ ಶಿಲ್ಕು ಎಲ್ಲಿಂದ ಬಂತೆಂದು ನಿಯಮವನ್ನು ಗದರಿಸಿ ಫಲವಿಲ್ಲ. ಅನಾದಿಯೆನ್ನುವವರಿಗೂ ಕರ್ತೃವಿದ್ದಾನೆನ್ನುವವರಿಗೂ ಈ ಸಾಕ್ಷಿಯಿಂದ ಪ್ರಯೋಜನವಿಲ್ಲ. ಅವರು ತಮ್ಮ ತಮ್ಮ ಬೇರೆ ಕಾರಣಗಳನ್ನು ಹೇಳಲಿ. ಗುರುತ್ವದ ಶಕ್ತಿ ಋಣ, ದ್ರವ್ಯದ ಶಕ್ತಿ ಧನ, ಎರಡೂ ಕೂಡಿ ಸೊನ್ನೆ, ಆದ್ದರಿಂದ ವಿಶ್ವ ಸಾಲದ ಬಲದಿಂದಲೇ ಹುಟ್ಟಿರಬಹುದು ಎಂದು ೧೯೭೩ರಲ್ಲಿ ಎಡ್ವರ್ಡ್ ಟ್ರಯಾನ್ ಬರೆದರು. ಚಮತ್ಕಾರದ ಊಹೆ, ಆದರೆ ಅದಕ್ಕೂ ಕೂಡಿಸಲು ಬರುವ ಒಂದು ಒಟ್ಟು ಮೊತ್ತ ಬೇಕು.

ಮೊದಲ ಪುಟಗಳನ್ನು ಓದುವ ಕೆಲಸವಂತೂ ನಡೆದೇ ಇದೆ, ನಮ್ಮ ಘಟ್ಟದ ನೀರಿನ ಮೇಲೆಯೂ ನಡೆದಿದೆ. ಮೊದಲ ನಕ್ಷತ್ರಗಳು ಹೊತ್ತಿಕೊಳ್ಳುತ್ತಿದ್ದಾಗ ಸುತ್ತಣ ಜಲಜನಕ ೧,೪೨೦ ಮೆಗಾಹರ್ಟ್ಸಿನ ರೇಡಿಯೋ ತರಂಗದ ಮೇಲೆ ತನ್ನ ಗುರುತು ಬಿಟ್ಟಿರಬೇಕು. ನಾಲ್ಕು ಸಲ ಅರ್ಧವಾದರೆ ಆ ತರಂಗ ೮೯ರ ಹತ್ತಿರ, ಎಂದರೆ ನಮ್ಮ ಎಫ್‌ಎಂ ಪಟ್ಟಿಯ ಕೆಳ ಅಂಚಿಗೆ ಬರುತ್ತದೆ. ೨೦೧೮ರಲ್ಲಿ ಆಸ್ಟ್ರೇಲಿಯದಲ್ಲಿ ಎಡ್ಜಸ್ ಎಂಬ ಉಪಕರಣವಿಟ್ಟ ಅಮೆರಿಕದ ತಂಡವೊಂದು ಇನ್ನೂ ಸ್ವಲ್ಪ ಕೆಳಗೆ, ೭೮ ಮೆಗಾಹರ್ಟ್ಸಿನಲ್ಲಿ, ಆ ಗುರುತು ಸಿಕ್ಕಿತೆಂದು ಸಾರಿತು. ಆದರೆ ಗುರುತು ಎಣಿಸಿದ್ದಕ್ಕಿಂತ ಎರಡು ಪಟ್ಟು ಆಳವಾಗಿತ್ತು. ಅಂದಿನ ಜಲಜನಕ ಲೆಕ್ಕಕ್ಕಿಂತ ತಣ್ಣಗಿದ್ದಂತೆ ಕಾಣುತ್ತಿತ್ತು. ಆ ಕಾವು ಎಲ್ಲಿಗೆ ಹೋಯಿತು? ಕಾಣದ ಕಪ್ಪುದ್ರವ್ಯ ಅದನ್ನು ಹೀರಿರಬಹುದೆಂದು ಲೇಖನಗಳ ಮೇಲೆ ಲೇಖನಗಳು ಬಂದುವು. ಪೌಲಿಯ ದಾರಿಯೇ ಅದು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಹೊಸ ಕಣವನ್ನು ಊಹಿಸುವ ಮೊದಲು ನಮೂದನ್ನೇ ಇನ್ನೊಮ್ಮೆ ಪರೀಕ್ಷಿಸಬೇಕೆಂದರು. ಆಂಟೆನಾದ ಕೆಳಗಿನ ನೆಲದ ಪದರಗಳಿಂದಲೇ ಅಳತೆ ಕೆಡಬಹುದಾದ್ದರಿಂದ ತಮ್ಮ ಸರಸ್ ಉಪಕರಣವನ್ನು ತೆಪ್ಪದ ಮೇಲಿಟ್ಟು ನೀರಿಗೆ ಬಿಟ್ಟರು. ೨೦೨೦ರ ಮೊದಲ ತಿಂಗಳುಗಳಲ್ಲಿ ದಂಡಿಗಾನಹಳ್ಳಿಯ ಕೆರೆಯಲ್ಲಿ, ಆಮೇಲೆ ಶರಾವತಿಯ ಹಿನ್ನೀರಿನಲ್ಲಿ ಅದು ತೇಲಿತು. ಲಿಂಗನಮಕ್ಕಿಯ ಅಣೆಕಟ್ಟಿನ ಹಿಂದೆ, ಇಳಿದು ಬಂದು ನಾಡಿಗೆ ದೀಪವಾಗಬೇಕಾದ ನೀರಿನ ಮೇಲೆ. ಫಲಿತಾಂಶ ೨೦೨೨ರಲ್ಲಿ ಪ್ರಕಟವಾಯಿತು. ಆಸ್ಟ್ರೇಲಿಯದಲ್ಲಿ ಕಂಡ ಆ ಗುರುತು ಇಲ್ಲಿ ಕಾಣಲಿಲ್ಲ. ಅದು ಆಕಾಶದಿಂದ ಬಂದದ್ದಲ್ಲವೆಂದು ನೂರಕ್ಕೆ ೯೫ರ ಭರವಸೆಯಿಂದ ಅವರು ಹೇಳಿದರು. ಕಾವು ಕಳೆದೇ ಇರಲಿಲ್ಲ ಎಂದಾಯಿತು. ನಿಜವಾದ ಗುರುತು ಇನ್ನೂ ಸಿಕ್ಕಬೇಕಾಗಿದೆ.

ಅದನ್ನು ಹುಡುಕಲು ಈಗ ಚಂದ್ರನನ್ನು ಸುತ್ತುವ ಪ್ರತುಷ್ ಎಂಬ ಉಪಕರಣವನ್ನು ಇದೇ ಸಂಸ್ಥೆಯವರು ಯೋಜಿಸಿದ್ದಾರೆ. ಭೂಮಿಗೆ ಮರೆಯಾದ ಚಂದ್ರನ ಹಿಂಬದಿಯಲ್ಲಿ ಮಾತ್ರ ಅದು ಕಿವಿಗೊಟ್ಟು ಆಲಿಸಬೇಕು. ಭೂಮಿಯ ಈ ಕಡೆ ತುಂಬ ಗಲಾಟೆ. ನಿಮ್ಮನ್ನು ಮುಟ್ಟುತ್ತಿರುವ ಈ ಆಕಾಶವಾಣಿಯ ತರಂಗವೂ ಆ ಗಲಾಟೆಯಲ್ಲಿ ಸೇರಿದೆ.